ಜಾಜಿನ ಮೂರು ಗೀಟು

ಆ ಊರಿಗೆ ಹೆಸರಿರಲಿಲ್ಲ. ಕಟ್ಟಿದ ಸಿನಿಮಾದವರು ಅದನ್ನು ಸೆಟ್ ಎಂದರು. ಸಂಡೂರಿನ ಬಸ್ಸುಗಳ ಕಂಡಕ್ಟರುಗಳು ‘ಸಿನಿಮಾ ಸ್ಟಾಪ್’ ಎಂದು ಕೂಗುತ್ತಿದ್ದರು. ಆಮೇಲೆ ಅಲ್ಲಿ ನೆಲೆಸಿದ ಕೂಲಿ ಜನ ಅರಮನೆ ಎಂದರು. ಕಂಪನಿಯ ಕಾಗದದಲ್ಲಿ ಮಾತ್ರ ಅದು ‘ತಾತ್ಕಾಲಿಕ ವಸತಿ’. ಆ ವಸತಿಗೆ ನಾನು ಸೂಪರ್‌ವೈಸರ್ ಆಗಿದ್ದೆ. ಒಟ್ಟು ಏಳು ತಿಂಗಳು. ಅಲ್ಲಿ ನಡೆದದ್ದನ್ನು ನೆನಪಿದ್ದಷ್ಟು, ನಡೆದ ಹಾಗೆಯೇ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಕೂತಾಗಲೆಲ್ಲ ದಣಿವಾಗಿ ಎದ್ದುಬಿಡುತ್ತಿದ್ದೆ.

ಯಶವಂತನಗರ ದಾಟಿದ ಮೇಲೆ ರಸ್ತೆ ಗುಡ್ಡದ ಬುಡಕ್ಕೆ ಬಾಗುವಲ್ಲಿ ಒಂದು ಬಯಲಿತ್ತು. ಕುರಿ ಮೇಯಿಸುವ ಜಾಗ. ಯಾವುದೋ ಇಲ್ಲದ ರಾಜನ, ಇಲ್ಲದ ರಾಜಧಾನಿಯನ್ನು ಸಿನಿಮಾದವರು ಅಲ್ಲಿ ಕಟ್ಟಿದರು. ಹಂಪಿ ಅಷ್ಟು ಹತ್ತಿರವಿರುವಾಗ ಸುಳ್ಳು ಊರು ಯಾಕೆ ಬೇಕಾಯಿತೆಂದು ನಾವೆಲ್ಲ ನಕ್ಕಿದ್ದೆವು. ಹಂಪಿಯ ಕಲ್ಲಿಗೆ ಮೊಳೆ ಹೊಡೆಯಲು ಬಿಡುವುದಿಲ್ಲ, ಬೆಂಕಿ ಹಚ್ಚಲು ಬಿಡುವುದಿಲ್ಲ, ಅದಕ್ಕೆ ಎಂದು ಯಾರೋ ಹೇಳಿದರು. ಸರ್ವೆ ಮರದ ಕಂಬ, ಪ್ಲೈವುಡ್, ಕೋಳಿಗೂಡಿಗೆ ಹಾಕುವ ಜಾಲರಿ, ಗೋಣಿಚೀಲ, ಮೇಲೆ ಪ್ಲಾಸ್ಟರು. ಅಷ್ಟರಲ್ಲೇ ಎರಡು ಬೀದಿ, ಒಂದು ದರ್ಬಾರು, ರಾಣಿವಾಸ, ಲಾಯ, ಎರಡಾಳೆತ್ತರದ ಸಿಂಹಗಳಿದ್ದ ಹೆಬ್ಬಾಗಿಲು ಎದ್ದವು. ಎಲ್ಲವನ್ನೂ ಮೊದಲೇ ಹಳತಾಗಿ ಕಾಣುವಂತೆ, ಪಾಚಿ ಕಟ್ಟಿದಂತೆ, ಬಿರುಕು ಬಿಟ್ಟಂತೆ ಬಣ್ಣ ಬಳಿದಿದ್ದರು. ಆ ಸಿನಿಮಾ ತೆರೆಗೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಒಂದು ದಿನ ಜನರೇಟರುಗಳನ್ನು ಹೇರಿಕೊಂಡು ಹೋದರು. ಕಾವಲಿಗೆ ಒಬ್ಬ ಕುರಿಗಾರ ತಾತನನ್ನು ಬಿಟ್ಟರು. ಅದಿರಿನ ಲಾರಿಗಳ ಧೂಳು ಒಂದೇ ಬೇಸಿಗೆಯಲ್ಲಿ ಊರನ್ನೆಲ್ಲ ಕೆಂಪು ಮಾಡಿತು. ಬಳಿದ ಹಳತಿನ ಮೇಲೆ ನಿಜವಾದ ಹಳತು ಕೂತಿತು.

ಅದೇ ಹೊತ್ತಿಗೆ ಅದಿರು ತೆಗೆಯುವ ನಮ್ಮ ಕಂಪನಿ ಹಬ್ಬುತ್ತಿತ್ತು. ಮೊದಲು ಒಂದು ಗುಡ್ಡವಿತ್ತು. ಅದರ ಹಿಂದಿನದೂ ಬಂತು. ಆಮೇಲೆ ರಸ್ತೆಯಾಚೆಯ ಹೊಲಗಳ ಅಂಚಿಗೆ ಹಳದಿ ಕಲ್ಲು ನೆಟ್ಟರು. ಬೆಳಗ್ಗೆ ಬಸ್ಸಿನಲ್ಲಿ ಬರುವಾಗ ನಿನ್ನೆ ಇಲ್ಲದ ಕಡೆ ಇವತ್ತು ಬೋರ್ಡು ಕಾಣುತ್ತಿತ್ತು. ಜನ ಬೇಕಾದರು, ಜನಕ್ಕೆ ಮನೆ ಬೇಕಾಯಿತು. ಕಾಲೊನಿ ಕಟ್ಟಲು ಒಂದು ವರ್ಷ ಹಿಡಿಯುತ್ತದೆ. ಕಟ್ಟಿ ಬಿಟ್ಟ ಊರು ಕಣ್ಣೆದುರಿಗೇ ಇದೆ. ಬಯಲನ್ನೂ ಸೆಟ್ಟನ್ನೂ ಸೇರಿಸಿ ಕಂಪನಿ ತೆಗೆದುಕೊಂಡಿತು. ಹೆಬ್ಬಾಗಿಲಿನ ಮೇಲೆ ಇಲ್ಲದ ರಾಜನ ಹರಿದ ಬಾವುಟ ಇತ್ತು. ಅದನ್ನು ಇಳಿಸಿ ಕಂಪನಿಯ ಹಸಿರು ಬಾವುಟ ಏರಿಸಿದವನು ನಾನೇ.

ತಾತನನ್ನು ಅವತ್ತೇ ಕಳಿಸಿದರು. ಅವನ ಜಾಗಕ್ಕೆ ಯೂನಿಫಾರ್ಮಿನ ಇಬ್ಬರು ಬಂದರು. ಹೋಗುವಾಗ ತಾತ ನನ್ನ ಹತ್ತಿರ ನಿಂತು, “ಸೂಪ್ರೈಜರ್ ಸಾಹೇಬ್ರ, ಈ ಊರಾಗ ಏನ್ ಖರೆ, ಏನ್ ಖೊಟ್ಟಿ ನನಗ ಗೊತ್ತೈತಿ. ಕೇಳೋದಿದ್ರ ಈಗ ಕೇಳಿಬಿಡ್ರಿ” ಎಂದ.

“ಎಲ್ಲಾ ಖೊಟ್ಟಿನ ಅಲ್ಲೇನು ತಾತಾ?” ಎಂದೆ.

“ಹಂಗಂತೀರಾ? ಆತು ಬಿಡ್ರಿ” ಎಂದು ನಕ್ಕು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ನಾನು ಮನೆಗಳಿಗೆ ಹೊಡೆಯುವ ನಂಬರಿನ ತಗಡುಗಳನ್ನು ಜೋಡಿಸುತ್ತಿದ್ದೆ. ತಲೆ ಎತ್ತಿ ಅವನು ಹೋದದ್ದನ್ನು ನೋಡಲಿಲ್ಲ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಮಲಪನಗುಡಿಯವನು. ನಮ್ಮದು ಕಲ್ಲು ಕೆಲಸದ ಮನೆ. ಅಪ್ಪ ಒಳಕಲ್ಲು, ಬೀಸುಕಲ್ಲು, ಬಾಗಿಲ ಹೊಸ್ತಿಲು, ಚಪ್ಪರದ ಕಂಬ ಮಾಡುತ್ತಿದ್ದ. ಊರ ಹಳೆ ಬಾವಿಯ ದಂಡೆಯಲ್ಲೇ ಅವನ ಕೆಲಸದ ಜಾಗ. ಭಾರ ಹೊರುವ ಕಲ್ಲನ್ನು ಯಾರ ಮನೆಗೆ ಕಳಿಸುವ ಮೊದಲೂ ಅಪ್ಪ ಅದನ್ನು ‘ಕೇಳುತ್ತಿದ್ದ’. ಅದು ಅವನ ಮಾತು. ಸುತ್ತಿಗೆಯಿಂದ ಸಣ್ಣ ಪೆಟ್ಟು ಹಾಕಿ ಕಿವಿ ಕೊಡುವುದು. ಗಟ್ಟಿ ಕಲ್ಲು ಗಂಟೆಯ ಹಾಗೆ ಉಲಿಯುತ್ತದೆ. ಒಳಗೆ ಸೀಳಿದ್ದರೆ ಬದ್ ಎನ್ನುತ್ತದೆ. ಬುಡದಲ್ಲಿ ಒಂದು, ನಡುವಿನಲ್ಲಿ ಒಂದು, ನೆತ್ತಿಯಲ್ಲಿ ಒಂದು. ಮೂರು ಕಡೆಯೂ ಉಲಿದರೆ ಜಾಜಿನ ತುಂಡಿನಿಂದ ಮೂರು ಗೀಟು ಎಳೆಯುತ್ತಿದ್ದ. ಕೆಂಪು ಮಣ್ಣಿನ ಮೂರು ಅಡ್ಡ ಗೀಟು. ಮೂರು ಗೀಟಿನ ಕಲ್ಲನ್ನು ನಮ್ಮ ಕಡೆ ಯಾರೂ ಎರಡನೇ ಸಲ ಬಡಿದು ನೋಡುತ್ತಿರಲಿಲ್ಲ.

ನಾನು ಆ ಕೆಲಸಕ್ಕೆ ಹೋಗಲಿಲ್ಲ. ಪಿಯುಸಿ ಮುಗಿಸಿ, ಮೂರ್ನಾಲ್ಕು ವರ್ಷ ತೋರಣಗಲ್ಲಿನಲ್ಲಿ ಗುತ್ತಿಗೆಯವರ ಕೈಕೆಳಗೆ ಇದ್ದು, ಆಮೇಲೆ ಈ ಕಂಪನಿ ಸೇರಿದೆ. ಆದರೆ ಜಾಜಿನ ಒಂದು ತುಂಡು ಯಾವಾಗಲೂ ಜೇಬಿನಲ್ಲಿ ಇರುತ್ತಿತ್ತು. ಗುರುತು ಹಾಕಲು ಸೀಮೆಸುಣ್ಣಕ್ಕಿಂತ ಚೆನ್ನ, ಬಿಸಿಲಿಗೆ ಹೋಗುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಜನ ಬಂದರು. ಮೂವತ್ತೆಂಟು ಸಂಸಾರಕ್ಕೆ ಮೂವತ್ತೆಂಟು ತಗಡು ಇದ್ದವು. ದರ್ಬಾರಿನಲ್ಲಿ ಸೀರೆ ಕಟ್ಟಿ ಆರು ಮನೆ ಮಾಡಿದೆವು, ರಾಣಿವಾಸದಲ್ಲಿ ಒಂಬತ್ತು, ಲಾಯದಲ್ಲಿ ಹನ್ನೊಂದು, ಮಿಕ್ಕವರಿಗೆ ಬೀದಿಯ ಅಂಗಡಿಸಾಲು. ಮೊದಲ ವಾರ ಅಲ್ಲಿ ನಗೆಯೋ ನಗೆ. ನೀರಿನ ಟ್ಯಾಂಕರಿಗೆ ಕೊಡ ಹಿಡಿದು ನಿಂತವರು ಒಬ್ಬರನ್ನೊಬ್ಬರು ಕೆಣಕುತ್ತಿದ್ದರು.

“ಸರೀಲೇ ಲಾಯದೋನ, ರಾಣಿವಾಸದೋರು ಮೊದ್ಲು ಹಿಡೀಲಿ.”

“ರಾಣಿ ಅಂತ ರಾಣಿ! ನಿನ್ನೆ ನನ್ನ ಚಪ್ಲಿ ಹಾಕ್ಕೊಂಡ್ ಡ್ಯೂಟಿಗೆ ಹೋಗ್ಯಾಳ!”

ಗೋಡೆಗೆ ಮೊಳೆ ಹೊಡೆದರೆ ಬೆರಳು ತೂರುವಷ್ಟು ತೂತಾಗುತ್ತಿತ್ತು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯವರು ಸೀನುತ್ತಿದ್ದರು. ಆದರೂ ನೆರಳಿತ್ತು. ಬಯಲಿನಲ್ಲಿ ಪ್ಲಾಸ್ಟಿಕ್ ಹೊದ್ದು ಇದ್ದು ಬಂದವರಿಗೆ ಅದು ಸಣ್ಣ ಮಾತಲ್ಲ.

ಮೂವತ್ತೊಂಬತ್ತನೆಯ ಸಂಸಾರ ಎರಡು ದಿನ ತಡವಾಗಿ ಬಂತು. ಕಂಪ್ಲಿ ಕಡೆಯಿಂದ. ಗಂಡ, ಹೆಂಡತಿ, ಗಂಡನ ತಾಯಿ. ಗಂಡ ಲಾರಿಗಳಿಗೆ ತಾಡಪಾಲು ಬಿಗಿಯುವ ಕೆಲಸಕ್ಕೆ, ಹೆಂಡತಿ ಅದಿರು ಆರಿಸುವ ಕೆಲಸಕ್ಕೆ ಸೇರಿದ್ದರು. ಮುದುಕಿಯ ಮಡಿಲಲ್ಲಿ ಬಟ್ಟೆ ಸುತ್ತಿದ ಬುದ್ಧನ ಪಟವೊಂದಿತ್ತು. ಕೆಳಗಿಡಲು ಸ್ವಚ್ಛವಾದ ಜಾಗ ಹುಡುಕುತ್ತ ಅವಳು ಕೂರದೆ ನಿಂತೇ ಇದ್ದಳು. ನನ್ನ ಬಳಿ ತಗಡೂ ಇರಲಿಲ್ಲ, ಜಾಗವೂ ಇರಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದೆ. “ಎಲ್ಲಾದ್ರೂ ಸೇರಿಸಪ್ಪಾ, ಅದನ್ನೂ ನಾನೇ ಹೇಳ್ಬೇಕಾ?” ಎಂದು ಇಟ್ಟುಬಿಟ್ಟರು.

ಊರಿನ ತುದಿಯಲ್ಲಿ, ಹೆಬ್ಬಾಗಿಲಿನಿಂದ ದೂರಕ್ಕೆ, ನಾಲ್ಕು ಕಂಬದ ಒಂದು ಮಂಟಪ ಇತ್ತು. ಮೇಲೆ ಮರದ ತೊಲೆಗಳು, ಚಾವಣಿ ಅರ್ಧ ಕಿತ್ತುಹೋಗಿತ್ತು. ಆ ಸೊಸೆ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕಂಬದ ಬುಡಕ್ಕೆ ಅಂಗೈ ಒತ್ತಿ ನಿಂತಿದ್ದಳು.

“ಅಣ್ಣಾರ, ಇದು ತಣ್ಣಗೈತ್ರಿ. ಉಳಿದುವೆಲ್ಲಾ ಬೆಚ್ಚಗದಾವು. ಇದು ಖರೇ ಕಲ್ಲೇನ್ರಿ?”

ನಾನೂ ಮುಟ್ಟಿ ನೋಡಿದೆ. ತಣ್ಣಗಿತ್ತು. ನನಗೆ ಆಶ್ಚರ್ಯವಾಯಿತು. ನಮ್ಮ ಕಡೆ ಹೊಲ, ದಿಬ್ಬ, ಎಲ್ಲೆಂದರಲ್ಲಿ ಹಳೆ ಮಂಟಪಗಳಿವೆ. ಇದೂ ಒಂದು ಇದ್ದಿರಬೇಕು, ಸಿನಿಮಾದವರು ತಮ್ಮ ಊರಿನೊಳಗೆ ಸೇರಿಸಿಕೊಂಡಿದ್ದಾರೆ ಅನ್ನಿಸಿತು. ಅಷ್ಟರ ಮಟ್ಟಿಗೆ ಅದು ಸರಿಯಾಗಿತ್ತು.

“ನಾ ಹಂಪಿಯಾಗ ಕಲ್ಲಿನ ಮಂಟಪದಾಗ ಹುಟ್ಟೀನ್ರಿ,” ಎಂದಳು ಅವಳು. “ನಮ್ಮಪ್ಪ ಅಲ್ಲೇ ಮುಂದ ಗೋಡಿ ಕಟ್ಟಿ, ಎಳನೀರು ಮಾರ್ತಿದ್ದ. ಆಮ್ಯಾಲ ನಮ್ಮನ್ನೆಲ್ಲಾ ಎಬ್ಬಿಸಿದ್ರು. ಕೇಳದ ಹೊಕ್ಕೊಂಡೋರು ಅಂತ ಬರಕೊಂಡ್ರು. ನಮ್ಮಪ್ಪ ಸಾಯೋತನ ಅದ ಒಂದ್ ಮಾತು ಅಂತಿದ್ದ: ನಾವೇನ್ ಕಳ್ಳರೇನು, ಕೇಳದ ಹೊಗಾಕ? ಅದಕ್ಕ ನಾ ಕೇಳಾಕತ್ತೀನ್ರಿ. ನೀವು ಕೊಟ್ರ ಇರ್ತೀವಿ. ಇಲ್ಲಾಂದ್ರ ಇಲ್ಲ.”

ಗಂಡ ಮೇಲೆ ನೋಡಿ, “ಕಂಬ ಗಟ್ಟಿ ಅದಾವೇನ್ರಿ ಅಣ್ಣಾರ? ಶೀಟು ಹೊದಿಸ್ಬೇಕು. ಗಾಳಿಗೆ ಹಾರದಂಗ ಮ್ಯಾಲ ಭಾರ ಇಡ್ಬೇಕು” ಎಂದ.

ಆಗ ನಾನು ಮಾಡಿದ್ದನ್ನು ಒಂದೊಂದಾಗಿ ಬರೆಯುತ್ತೇನೆ.

ನನ್ನ ಕೈಯಲ್ಲಿ ಪಾನಾ ಇತ್ತು, ಟ್ಯಾಂಕರಿನ ನಲ್ಲಿ ಬಿಗಿಯಲು ಇಟ್ಟುಕೊಂಡದ್ದು. ಬಗ್ಗಿ ಒಂದು ಕಂಬದ ಬುಡಕ್ಕೆ ಒಂದು ಪೆಟ್ಟು ಹಾಕಿದೆ. ಕಲ್ಲು ಉಲಿಯಿತು. ಎಷ್ಟು ಚೆನ್ನಾಗಿ ಉಲಿಯಿತೆಂದರೆ ಮುದುಕಿಯೂ ತಿರುಗಿ ನೋಡಿದಳು. ಆ ಸುಳ್ಳು ಊರಿನ ನಡುವೆ ಆ ಒಂದು ನಾದ ಕೇಳಿ ನನಗೆ ಅಪ್ಪ ನೆನಪಾದ. ಎದೆ ಉಬ್ಬಿತು. ಕಂಬದ ನಡುವಿನಲ್ಲಿ, ನನ್ನ ಎದೆಯ ಎತ್ತರಕ್ಕೆ, ಬಳೆ ತೊಡಿಸಿದಂತೆ ಒಂದು ಹೂವಿನ ಪಟ್ಟಿ ಇತ್ತು. ಅದರ ಮೇಲೆ ಕಂಬ ಇನ್ನೂ ಒಂದಾಳು ಎತ್ತರ ಹೋಗಿತ್ತು. ನೆತ್ತಿ ಬಡಿಯಲು ಏಣಿ ಬೇಕು. ಏಣಿ ಲಾಯದ ಹತ್ತಿರ ಇತ್ತು, ಇನ್ನೂರು ಹೆಜ್ಜೆ. ಅತ್ತ ಟ್ಯಾಂಕರಿನವನು ಹಾರ್ನು ಹೊಡೆಯುತ್ತಿದ್ದ. ನಡುವಿಗೆ ಏಣಿ ಬೇಕಿರಲಿಲ್ಲ, ಕೈ ಎತ್ತಿದ್ದರೆ ಸಾಕಿತ್ತು. ಅದನ್ನೂ ಮಾಡಲಿಲ್ಲ.

“ಕಲ್ಲು. ಆನಿ ನಿಲ್ಲಿಸಿದ್ರೂ ಹೊರತೈತಿ,” ಎಂದೆ. ಜೇಬಿನಿಂದ ಜಾಜು ತೆಗೆದು ಹೂಪಟ್ಟಿಯ ಕೆಳಗೆ ಮೂರು ಗೀಟು ಎಳೆದೆ. “ತಗಡು ಖಾಲಿ ಆಗ್ಯಾವು. ಇದ ನಿಮ್ಮ ನಂಬರು ಅನ್ಕೊಳ್ರಿ. ನಾ ಕೊಟ್ಟೀನಿ.”

ಅವಳು ಗೀಟುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಏನೋ ಕೇಳುವವಳ ಹಾಗೆ ಬಾಯಿ ತೆರೆದಳು. ಅಷ್ಟರಲ್ಲಿ ಮುದುಕಿ, “ಕೊಟ್ಟಾರ ಬಾರವ್ವಾ, ಕಸ ಹೊಡಿ ಮೊದ್ಲು. ನನ್ನ ಕೈಯಾಗ ದೇವ್ರು ಎಷ್ಟೊತ್ತು ನಿಲ್ಬೇಕು?” ಎಂದು ಗದರಿದಳು. ಎಲ್ಲರೂ ನಕ್ಕೆವು. ನಾನು ಟ್ಯಾಂಕರಿನ ಕಡೆ ನಡೆದೆ.

ಗಂಡ ತೊಲೆಗಳ ಮೇಲೆ ತಗಡಿನ ಶೀಟು ಹೊದಿಸಿದ. ಶೀಟು ಹಾರದಂತೆ ಕಲ್ಲು ಹೇರುವುದು ಎಲ್ಲ ಕಡೆ ಇರುವುದೇ. ಅಲ್ಲಿ ಸುತ್ತ ಬಿದ್ದಿದ್ದದ್ದು ಅದಿರಿನ ಉಂಡೆಗಳು, ಅದನ್ನೇ ಇಟ್ಟ. ಅದೇ ಗಾತ್ರದ ಮಾಮೂಲಿ ಕಲ್ಲಿಗಿಂತ ಅದಿರು ಎಷ್ಟು ತೂಕವೆಂಬುದು ಒಂದು ಉಂಡೆ ಎತ್ತಿದವರಿಗೆ ಗೊತ್ತು. ನಾನು ಕೆಳಗೆ ನಿಂತು ನೋಡಿದೆ. ಬೇಡವೆನ್ನಲಿಲ್ಲ. ಕಲ್ಲಿನ ಕಂಬ ಎಂದು ಹೇಳಿದವನು ನಾನೇ ಅಲ್ಲವೇ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಬೇಸಿಗೆಯಲ್ಲಿ ಎಲ್ಲರ ಮನೆಗಿಂತ ಅವರ ಮನೆ ತಂಪು ಎಂದು ಹೆಸರಾಯಿತು. ಮಧ್ಯಾಹ್ನ ಡ್ಯೂಟಿ ಇಲ್ಲದ ಹೆಂಗಸರು ಅಲ್ಲಿಗೇ ಹೋಗಿ ತಲೆ ಬಾಚಿಕೊಳ್ಳುತ್ತಿದ್ದರು. ಮುದುಕಿ ಆ ಕಂಬಕ್ಕೇ ಒರಗಿ ಕೂತು ಎಲ್ಲರ ಮೇಲೂ ದರ್ಬಾರು ಮಾಡುತ್ತಿದ್ದಳು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ, “ಬರ್ರಿ, ಕುಂದ್ರಿ. ಎಮ್ಮಿ ಹಾಲಿನ ಚಾ ಐತಿ” ಎಂದು ಕರೆಯುತ್ತಿದ್ದಳು. ನಾನು ಕೂರುತ್ತಿದ್ದೆ. ಆ ಮನೆ ಕೊಟ್ಟವನು ನಾನೆಂಬ ಒಂದು ಸಣ್ಣ ಹೆಮ್ಮೆ ಚಹಾದ ಜೊತೆ ಇಳಿಯುತ್ತಿತ್ತು.

ಮಳೆ ಹಿಡಿದ ಮೇಲೆ ಪ್ಲಾಸ್ಟರು ಉಬ್ಬಲು ಶುರುವಾಯಿತು. ಮೊದಲು ಸಿಂಹದ ದವಡೆ ಬಿತ್ತು, ಆಮೇಲೆ ರಾಣಿವಾಸದ ಒಂದು ಕಮಾನು. ಯಾರಿಗೂ ಪೆಟ್ಟಾಗಲಿಲ್ಲ. ನಾನು ಮ್ಯಾನೇಜರಿಗೆ ಹೇಳಿದೆ. ಕಾಲೊನಿಯ ಮನೆಗಳು ಮುಗಿಯುತ್ತ ಬಂದಿವೆ, ಇನ್ನೊಂದು ತಿಂಗಳು ದೂಡು ಎಂದರು. ಒದ್ದೆಯಾದ ಗೋಡೆಗಳಿಂದ ಎದ್ದು ಕೆಲವರು ಮಂಟಪದ ಪಕ್ಕಕ್ಕೇ ಬಂದು ಮಲಗತೊಡಗಿದರು. ಕಲ್ಲಿನದು ಅದೊಂದೇ ಎಂದು ನಾನು ಎಲ್ಲರಿಗೂ ಹೇಳಿದ್ದೆ.

ಅದು ಬಿದ್ದದ್ದು ಒಂದು ಸಂಜೆ ನಾಲ್ಕರ ಹೊತ್ತಿಗೆ. ಗಾಳಿಯಿತ್ತು, ಮಳೆ ಆಗತಾನೆ ಜೋರಾಗಿತ್ತು. ನಾನು ಹೆಬ್ಬಾಗಿಲಿನ ಕೆಳಗೆ ನಿಂತಿದ್ದೆ. ದೊಡ್ಡ ಸದ್ದೇನೂ ಬರಲಿಲ್ಲ. ಒದ್ದೆ ಮೂಟೆಯೊಂದನ್ನು ಲಾರಿಯಿಂದ ಕೆಡವಿದ ಹಾಗೆ ಬದ್ ಎಂದಿತು, ಹಿಂದೆಯೇ ಶೀಟುಗಳು ಜಾರಿದ ಸದ್ದು. ನಾನು ಓಡಿದೆ.

ಆ ಒಂದು ಕಂಬದ ಮೇಲಿನ ಅರ್ಧ ಇರಲಿಲ್ಲ. ಹೂಪಟ್ಟಿ ಇದ್ದ ಕಡೆಗೆ ಸರಿಯಾಗಿ ಕತ್ತರಿಸಿದಂತೆ ಹೋಗಿತ್ತು. ಕೆಳಗಿನ ಅರ್ಧ ಕಲ್ಲು, ಅಲುಗದೆ ನಿಂತಿತ್ತು. ಅದರ ನೆತ್ತಿಯ ಕುಳಿಯಲ್ಲಿ ಗೆದ್ದಲು ತಿಂದ ಸರ್ವೆ ಮರದ ಮೋಟು ಕಂಡಿತು. ಆ ಮರದ ಸುತ್ತ ಗೋಣಿ ಸುತ್ತಿ ಪ್ಲಾಸ್ಟರು ಮೆತ್ತಿ ಮೇಲಿನ ಕಂಬ ಮಾಡಿದ್ದರು. ಸೇರಿದ ಗೆರೆ ಕಾಣದಿರಲಿ ಎಂದು ಹೂಪಟ್ಟಿ. ತೊಲೆಯ ಒಂದು ತುದಿ ನೆಲಕ್ಕೆ ಬಂದಿತ್ತು, ಶೀಟಿನ ಮೇಲಿನ ಅದಿರೆಲ್ಲ ಒಂದೇ ಕಡೆಗೆ ಉರುಳಿತ್ತು. ಅವಳು ಅತ್ತೆಯನ್ನು ಆಚೆ ನೂಕಿದ್ದಳು. ತನ್ನ ಬಲಗೈಯನ್ನು ಎಳೆದುಕೊಳ್ಳಲು ಹೊತ್ತು ಸಿಕ್ಕಿರಲಿಲ್ಲ.

ಉಂಡೆಗಳನ್ನು ತೆಗೆಯುವಾಗ ಅವಳು ಕೂಗಲಿಲ್ಲ. “ಅತ್ತಿ ಎಲ್ಲದಾಳ್ರಿ, ಅತ್ತಿ ಎಲ್ಲದಾಳ” ಎಂದಷ್ಟೇ ಕೇಳುತ್ತಿದ್ದಳು. ಮುದುಕಿ ಮಳೆಯಲ್ಲಿ ಕೂತು ಪಟದ ಒಡೆದ ಗಾಜನ್ನು ಒಂದೊಂದೇ ಚೂರು ಆರಿಸುತ್ತಿದ್ದಳು. ಕಂಪನಿಯ ಜೀಪಿನಲ್ಲಿ ಸಂಡೂರಿಗೆ ಒಯ್ದೆವು. ಅಲ್ಲಿಂದ ಬಳ್ಳಾರಿಗೆ. ಜೀವಕ್ಕೆ ಏನೂ ಆಗಲಿಲ್ಲ. ಕೈಯನ್ನು ಕತ್ತರಿಸದೆ ಉಳಿಸಿದರು, ಆದರೆ ಬೆರಳು ಮಡಚುವ ಶಕ್ತಿ ಮರಳಿ ಬರಲಿಲ್ಲ. ಅದಿರು ಆರಿಸುವುದು ಬೆರಳಿನ ಕೆಲಸ.

ಎರಡು ದಿನ ಕಳೆದು ತಾತ ಕುರಿ ಹೊಡೆದುಕೊಂಡು ಅತ್ತ ಬಂದ. ಮೋಟಾದ ಕಂಬವನ್ನು ನೋಡಿ ನಿಂತ. “ನನ್ನ ಕೇಳಿದ್ರ ಹೇಳ್ತಿದ್ನಲ್ರಿ. ಇವು ನಾಲ್ಕೂ ಮೊದಲಿಂದ ಇಷ್ಟ ಇದ್ವು, ನನ್ನ ಎದಿಮಟ. ಮ್ಯಾಲ ಕಂಬಳಿ ಒಣಹಾಕ್ತಿದ್ದೆ” ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಂಪನಿ ಎಚ್ಚೆತ್ತಿತು. ಸೆಟ್ಟಿನಲ್ಲಿ ಇನ್ನು ಯಾರೂ ಇರಕೂಡದು, ಮುಗಿದಷ್ಟು ಕಾಲೊನಿ ಮನೆಗಳಿಗೇ ಎಲ್ಲರನ್ನೂ ಸಾಗಿಸಬೇಕು ಎಂದಾಯಿತು. ತಗಡಿನ ನಂಬರು ಇದ್ದವರಿಗೆ ಒಂದೊಂದು ಮನೆ. ಮೂವತ್ತೆಂಟು ತಗಡು, ಮೂವತ್ತೆಂಟು ಮನೆ. ಮ್ಯಾನೇಜರು ನನ್ನನ್ನು ಕರೆದು ಕೂರಿಸಿದರು. ಕೆಟ್ಟ ಮನುಷ್ಯರಲ್ಲ. ನನ್ನ ತಂಗಿಯ ಮದುವೆಗೆ ಬಂದು ಊಟ ಮಾಡಿ ಹೋದವರು.

“ಮಂಟಪದ ಮೇಲೆ ನಂಬರ್ ಇಲ್ಲ ಅಲ್ಲಾ? ಅಂದ್ರೆ ನಾವು ಕೊಟ್ಟಿದ್ದಲ್ಲ. ಅವರೇ ಹೊಕ್ಕಿದ್ದು. ನಾಳೆ ಕಾರ್ಮಿಕರ ವಿಷಯ ನೋಡೋ ಆಫೀಸರ್ ಬರ್ತಾರೆ, ಕೇಳ್ತಾರೆ. ನೀನು ಹೆಚ್ಚು ಮಾತಾಡಬ್ಯಾಡ. ನಿಂಗೂ ಒಳ್ಳೇದು.”

“ಆಕೀಗೆ ಮನಿ?”

“ಹೊಕ್ಕೋರಿಗೆ ಮನಿ ಕೊಟ್ರೆ ನಾಳೆ ಇಡೀ ಊರು ಹೊಕ್ಕುತ್ತೆ ಕಣಪ್ಪಾ.”

ನಾನು ಎದ್ದು ಬಂದೆ. ಮಲಪನಗುಡಿಗೆ ಹೋಗಿ ಬಾವಿಯ ಮೆಟ್ಟಿಲ ಮೇಲೆ ಕೂತೆ. ಅವಳ ತಂದೆಯ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅವಳು ಹೊಗುವ ಮೊದಲು ಕೇಳಿದ್ದಳು. ಕೇಳಿದ್ದಕ್ಕೆ ಸಾಕ್ಷಿ ಎಂದರೆ ನಾನೊಬ್ಬ, ಇನ್ನೊಂದು ಆ ಮೂರು ಗೀಟು. ಆ ಗೀಟುಗಳನ್ನು ಓದಲು ಬರುವವನೂ ನಾನೊಬ್ಬನೇ ಎಂದುಕೊಂಡಿದ್ದೆ.

ಮರುದಿನ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಚಪ್ಪಲಿಗೆ ಕೆಂಪು ಕೆಸರು ಮೆತ್ತಿದರೂ ಲೆಕ್ಕಿಸದೆ ಇಡೀ ಊರು ಸುತ್ತಿದರು. ಮಂಟಪದ ಹತ್ತಿರ ಬಂದಾಗ ಅವಳ ಗಂಡ ದೂರದಲ್ಲಿ ನಿಂತಿದ್ದ, ತಲೆಗೆ ತಾಡಪಾಲಿನ ತುಂಡು ಹೊದ್ದು. ಅಧಿಕಾರಿ ಮೋಟು ಕಂಬದ ಹತ್ತಿರ ಬಗ್ಗಿದರು.

“ಈ ಕೆಂಪು ಗೆರೆ ಏನು?”

“ಸಿನಿಮಾದವರ ಬಣ್ಣ ಮೇಡಂ,” ಎಂದರು ಮ್ಯಾನೇಜರು. “ಎಲ್ಲಾ ಕಡೆ ಹಿಂಗೇ ಬಳದವ್ರೆ.”

ಅಧಿಕಾರಿ ಮುಂದೆ ಹೆಜ್ಜೆ ಇಟ್ಟರು. ಒಂದು ಹೆಜ್ಜೆ, ಎರಡು. ಗಂಡ ನನ್ನ ಮುಖ ನೋಡುತ್ತಿರಲಿಲ್ಲ, ಕಂಬವನ್ನು ನೋಡುತ್ತಿದ್ದ.

“ನನ್ನವು ಮೇಡಂ,” ಎಂದೆ. ದನಿ ಎಷ್ಟು ಸಣ್ಣಗೆ ಬಂತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. “ಆ ಗೀಟು ನಾನು ಎಳದಿದ್ದು. ಕಲ್ಲು ಗಟ್ಟಿ ಐತಿ ಅನ್ನೋ ಗುರುತು. ತಗಡು ಖಾಲಿ ಆಗಿದ್ವು, ಅದಕ್ಕ ಗೀಟು ಹಾಕಿ ಇವರಿಗೆ ಕೊಟ್ಟೆ. ಆಕಿ ಕೇಳಿದ್ಲು. ನಾ ಕೊಟ್ಟೀನಿ.”

ಅವರು ಬರೆದುಕೊಂಡರು. ಓದಿ ಹೇಳಿದರು. ‘ಕೊಟ್ಟದ್ದು’ ಎಂಬ ಮಾತು ಅದರಲ್ಲಿ ಇತ್ತು. ನಾನು ಸಹಿ ಮಾಡಿದೆ. ಒಂದೇ ಪೆಟ್ಟು ಹಾಕಿದ ವಿಷಯ ಹೇಳಲಿಲ್ಲ. ಅವರು ಕೇಳಲಿಲ್ಲ ಎಂಬುದು ನಿಜ. ಮೂರು ಗೀಟಿನ ಅರ್ಥ ಹೇಳಿದೆ, ಎಷ್ಟು ಸಲ ಬಡಿದೆ ಎಂಬುದನ್ನು ನುಂಗಿದೆ. ಪ್ಲಾಸ್ಟರು ನನಗೆ ಮೋಸ ಮಾಡಿತು ಎಂಬಂತೆ ಅದು ಕೇಳಿಸಿರಬೇಕು.

ಕಾಲೊನಿಯಲ್ಲಿ ಅವರಿಗೂ ಮೂವತ್ತೊಂಬತ್ತನೆಯ ಮನೆ ಸಿಕ್ಕಿತು, ಸಾಲಿನ ಕೊನೆಯದು. ಅವಳನ್ನು ನೀರಿನ ಮೋಟರು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು, ಗುಂಡಿ ಒತ್ತಲು ಎಡಗೈ ಸಾಕು. ನನ್ನನ್ನು ಲಾರಿ ತೂಗುವ ಗೇಟಿಗೆ ಕಳಿಸಿದರು. ಯಾರೂ ಗದರಲಿಲ್ಲ, ಮ್ಯಾನೇಜರು ಮಾತು ಬಿಟ್ಟರು, ಅಷ್ಟೆ. ಅರಮನೆಯನ್ನು ಡೋಜರು ಒಂದೂವರೆ ದಿನದಲ್ಲಿ ನೆಲಸಮ ಮಾಡಿತು. ನಾಲ್ಕು ಮೋಟು ಕಂಬ ಮಾತ್ರ ಉಳಿದವು. ತಾತ ಮತ್ತೆ ಕಂಬಳಿ ಒಣಹಾಕುವುದನ್ನು ನಾನು ಬಸ್ಸಿನಿಂದ ನೋಡಿದೆ.

ಅವಳನ್ನು ನೋಡಲು ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಒಂದು ಭಾನುವಾರ ಮಧ್ಯಾಹ್ನ ಹೋದೆ. ಮುದುಕಿ ಬಾಗಿಲಲ್ಲೇ ಇದ್ದಳು. “ಬರ್ರಿ, ಕುಂದ್ರಿ. ಇಲ್ಲಿ ಎಮ್ಮಿ ಹಾಲು ಇಲ್ಲ, ಪ್ಯಾಕೀಟಿಂದು” ಎಂದಳು. ಗಂಡ ಡ್ಯೂಟಿಗೆ ಹೋಗಿದ್ದ. ಗೋಡೆಯಲ್ಲಿ ಹೊಸ ಗಾಜು ಹಾಕಿಸಿದ ಪಟ. ಅವಳು ಎಡಗೈಯಲ್ಲಿ ಲೋಟ ಹಿಡಿದು ತಂದುಕೊಟ್ಟಳು. ಬಲಗೈ ಸೆರಗಿನೊಳಗಿತ್ತು.

ಚಹಾ ಕುಡಿದು ಮುಗಿಸಿದೆ. ಲೋಟ ಕೆಳಗಿಟ್ಟ ಮೇಲೆ ಅವಳೇ ಹೇಳಿದಳು.

“ಅಣ್ಣಾರ, ಮೂರು ಗೀಟಿನ ಸಂಗ್ತಿ ನನಗ ಮೊದ್ಲಾ ಗೊತ್ತಿತ್ರಿ. ನಮ್ಮಪ್ಪ ಹಂಪಿಯಾಗ ಮನಿಗೆ ಹೊಸ್ತಿಲು ತಂದಿದ್ದ, ಅದಕ್ಕೂ ಇದ್ವು. ಕಲ್ಲಿನೋರು ಮೂರು ಸಲ ಬಡದು ಮೂರು ಗೀಟು ಎಳೀತಾರ ಅಂತ ಹೇಳಿದ್ದ.” ಖಾಲಿ ಲೋಟವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದಳು. “ಅವತ್ತು ನೀವು ಒಂದ ಸಲ ಬಡದ್ರಿ. ನಾ ಎಣಿಸೀನಿ.”

“ಮತ್ತ ಯಾಕ ಕೇಳ್ಲಿಲ್ಲ ತಂಗೀ?” ಎಂದೆ.

“ಕೇಳ್ಬೇಕಂತ ಬಾಯಿಗೆ ಬಂತ್ರಿ. ಕೇಳಿದ್ರ ಸಿಟ್ಟಾಗ್ತೀರಿ, ಹೋಗ್ರಿ ಬ್ಯಾರೆ ಕಡಿ ಅಂತೀರಿ ಅನ್ನಿಸ್ತು. ನನಗೂ ಅದು ಕಲ್ಲಾ ಆಗ್ಲಿ ಅಂತಿತ್ತು.”

“ಕೇಳಾಕ ಬಿಟ್ನೆಲ್ಲಿ ನಾನು?” ಎಂದಳು ಮುದುಕಿ ಬಾಗಿಲಿನಿಂದ, ತಿರುಗದೆ. “ಕಸ ಹೊಡಿ ಅಂತ ಬಾಯಿ ಮುಚ್ಚಿಸಿದೋಳು ನಾನ ಅಲ್ಲೇನು.”

ನಾನು ಅಪ್ಪನ ಮಾತು, ಏಣಿ, ಟ್ಯಾಂಕರಿನ ಹಾರ್ನು, ಎಲ್ಲ ಹೇಳಿದೆ. ಅಧಿಕಾರಿಗೆ ಹೇಳದೆ ಬಿಟ್ಟದ್ದನ್ನೂ ಹೇಳಿದೆ. ಅವಳು ಕೇಳಿದಳು. ಆಗಲಿ ಬಿಡಿ ಎನ್ನಲಿಲ್ಲ. ನಾನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಎದ್ದು ಒಳಗಿನಿಂದ ಪ್ಲಾಸ್ಟಿಕ್ ಸ್ಟೂಲು ಒಂದನ್ನು ಎಡಗೈಯಲ್ಲಿ ಎಳೆದು ತಂದು ಗೋಡೆಯ ಹತ್ತಿರ ಇಟ್ಟಳು.

“ಈ ಗೋಡಿನ ಕೇಳಿ ಹೇಳ್ರಿ,” ಎಂದಳು.

ಪಾನಾ ತಂದಿರಲಿಲ್ಲ. ಮುದುಕಿ ಕುಟ್ಟಾಣಿಯ ಗುಂಡನ್ನು ಕೊಟ್ಟಳು. ಬಗ್ಗಿ ಗೋಡೆಯ ಬುಡಕ್ಕೆ ಒಂದು ಪೆಟ್ಟು ಹಾಕಿದೆ, ಕಿವಿ ಕೊಟ್ಟೆ. ಎದ್ದು ನಡುವಿಗೆ ಒಂದು. ಸ್ಟೂಲು ಹತ್ತಿದೆ, ಅದು ಅಲುಗಿತು, ಮುದುಕಿ ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಶೀಟು ಕೂತಿರುವ ಕಡೆ ಒಂದು. ಉಳಿದ ಮೂರು ಮೂಲೆಗೂ ಸ್ಟೂಲು ಸರಿಸಿ ಹಾಗೆಯೇ ಮಾಡಿದೆ. ತುಂಬ ಹೊತ್ತು ಹಿಡಿಯಿತು. ಅವಳು ತುಟಿ ಅಲುಗಿಸುತ್ತ ಎಣಿಸುತ್ತಿದ್ದಳು.

“ಸಿಮೆಂಟ್ ಇಟ್ಟಂಗಿ. ಒಳಗ ಟೊಳ್ಳು ಐತಿ ತಂಗೀ,” ಎಂದೆ. “ಎಲ್ಲಾ ಕಡಿ ಒಂದ ನಮೂನಿ ಟೊಳ್ಳು. ಬಿರುಕು ಇಲ್ಲ. ಮ್ಯಾಲ ಬರೇ ಶೀಟು. ಭಾರ ಹೇರಬ್ಯಾಡ್ರಿ, ಒಂದ್ ಉಂಡಿನೂ ಬ್ಯಾಡ. ಬೋಲ್ಟ್ ಹಾಕ್ಯಾರ, ಗಾಳಿಗೆ ಹಾರಂಗಿಲ್ಲ. ನಿಲ್ತೈತಿ.”

“ನಿಲ್ತೈತಿ?”

“ನಿಲ್ತೈತಿ.”

ಅಭ್ಯಾಸದಿಂದ ಕೈ ಜೇಬಿಗೆ ಹೋಗಿತ್ತು. ಜಾಜಿನ ತುಂಡು ಬೆರಳಿಗೆ ಸಿಕ್ಕಿತ್ತು. ಅವಳು ನೋಡಿದಳು.

“ಗೀಟು ಬ್ಯಾಡ್ರಿ ಅಣ್ಣಾರ,” ಎಂದಳು. “ನಾ ಎಣಿಸೀನಿ.”

ನಾನು ಸ್ಟೂಲಿನಿಂದ ಇಳಿದೆ. ಮುದುಕಿ ಗುಂಡನ್ನು ಇಸಿದುಕೊಂಡು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಲು ಕೂತಳು.